ಬೇಲಿಗೆ ಕಾಲು ಬಂದ ಊರಿನಲ್ಲಿ ಪೈಸಾರಿ ಉಳಿಸುವುದು

ಕಳೆದ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ, ನಮ್ಮೂರಿನ ಹತ್ತು ಹನ್ನೆರಡು ಜನ ಒಂದು ಕಲ್ಲು ಹುಡುಕಲು ಹೊರಟಿದ್ದೆವು. ಕೈಯಲ್ಲಿ ಹಳೆಯ ಸರ್ವೆ ನಕ್ಷೆಯ ಜೆರಾಕ್ಸ್ ಪ್ರತಿ. ಅದರ ಪ್ರಕಾರ ದೇವರಕಾಡಿನ (ದೇವರ ಹೆಸರಿನಲ್ಲಿ ಊರು ಉಳಿಸಿಕೊಂಡ ಕಾಡು) ಮೂಡಣ ಗಡಿ ಕೊಲ್ಲಿಯಿಂದ, ಅಂದರೆ ಸಣ್ಣ ತೊರೆಯಿಂದ ಮೇಲೇರಿ, ಒಂದು ಕಡಂಗದ (ಹಳೆಯ ಕಂದಕ) ಗುಂಟ ಸಾಗಿ, ಕಡಂಗ ತಿರುಗುವ ಜಾಗದಲ್ಲಿ ಒಂದು ಬಾಂದುಕಲ್ಲಿಗೆ ಮುಟ್ಟಬೇಕು. ಕೊಲ್ಲಿ ಸಿಕ್ಕಿತು. ಕಡಂಗವೂ ಅರ್ಧ ದಾರಿ ಸಿಕ್ಕಿತು. ಉಳಿದರ್ಧವನ್ನು ಯಾವತ್ತೋ ಮಣ್ಣೆಳೆದು ಮಟ್ಟ ಮಾಡಿ ಅದರ ಮೇಲೆ ರೋಬಸ್ಟಾ ನೆಟ್ಟಿದ್ದರು. ಕಲ್ಲು ಮಾತ್ರ ಇಲ್ಲ.

ಒಂದೂವರೆ ಗಂಟೆ ತಡಕಾಡಿದೆವು. ಊರಿನ ಮುಖ್ಯಸ್ಥರಾದ ತಕ್ಕ ಮನೆತನದ ಹಿರಿಯರೊಬ್ಬರು ಕೋಲಿನಿಂದ ದರಗು ಸರಿಸುತ್ತಾ, ತಾವು ಹುಡುಗರಾಗಿದ್ದಾಗ ಇಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದೆವು ಎನ್ನುತ್ತಿದ್ದರು. ಕಾಡು ಅಲ್ಲಿತ್ತು, ಇಲ್ಲಿತ್ತು ಎಂದು ಅವರು ತೋರಿಸುವ ಕಡೆಯೆಲ್ಲ ಈಗ ಸಾಲುಸಾಲಾಗಿ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಕರಿಮೆಣಸು. ಕೊನೆಗೆ ನಮ್ಮ ಜೊತೆ ದಾರಿ ಬಿಡಿಸಲು ಬಂದಿದ್ದ ಎರವ ಬುಡಕಟ್ಟಿನ ಹುಡುಗ ಒಂದು ಕಾಫಿ ಗಿಡದ ಬುಡ ತೋರಿಸಿ ಕೇಳಿದ: "ಇದಾ ಅಣ್ಣ ನೀವು ಹುಡುಕೋದು? ಇದು ನಾವು ದಿನಾ ಕತ್ತಿ ಮಸೆಯೋ ಕಲ್ಲಲ್ವಾ!" ಮಸೆದು ಮಸೆದು ಕಲ್ಲಿನ ನೆತ್ತಿ ಅಂಗೈಯಷ್ಟು ತಗ್ಗಾಗಿತ್ತು. ಪಕ್ಕ ತೊಳೆದು ನೋಡಿದರೆ ಸರ್ವೆಯವರು ಕೊರೆದ ಗೀಟು ಇನ್ನೂ ಇತ್ತು. ಈಗಿನ ಮುಳ್ಳುತಂತಿ ಬೇಲಿ ಅಲ್ಲಿಂದ ನಲವತ್ತು ಹೆಜ್ಜೆ ಆಚೆ, ಕಾಡಿನೊಳಗೆ ನಿಂತಿತ್ತು.

ಯಾರೂ ಬುಲ್ಡೋಜರ್ ತಂದಿರಲಿಲ್ಲ. ರಾತ್ರೋರಾತ್ರಿ ಏನೂ ಆಗಿರಲಿಲ್ಲ. ಕೊಡಗಿನಲ್ಲಿ ಸಾರ್ವಜನಿಕ ಭೂಮಿ ಕರಗುವುದು ಬಹುಪಾಲು ಹೀಗೆಯೇ, ಪ್ರತಿ ಬೇಸಿಗೆಯಲ್ಲಿ ಬೇಲಿ ರಿಪೇರಿಯ ಹೊತ್ತಿಗೆ ಎರಡೆರಡು ಹೆಜ್ಜೆ. ಹಾಗಾಗಿ ಅದನ್ನು ಉಳಿಸುವ ಕೆಲಸವೂ ಮೆರವಣಿಗೆಯಲ್ಲಿ ಶುರುವಾಗುವುದಿಲ್ಲ. ಸರ್ವೆ ನಂಬರಿನಿಂದ ಶುರುವಾಗಬೇಕು. ಅಲ್ಲಿಂದ ಮುಂದೆ ಹೋದರೆ ಕಷ್ಟದ ಪ್ರಶ್ನೆ ಎದುರಾಗುತ್ತದೆ, ಯಾರ ಒತ್ತುವರಿಯನ್ನು ನಾವು ಒತ್ತುವರಿ ಎಂದು ಕರೆಯುತ್ತೇವೆ ಎಂಬುದು. ಈ ಲೇಖನ ಅಷ್ಟರ ಬಗ್ಗೆಯೇ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಕೊಡಗಿನ ಭೂದಾಖಲೆಯ ಭಾಷೆ ಘಟ್ಟದ ಕೆಳಗಿನವರಿಗೂ ಬಯಲುಸೀಮೆಯವರಿಗೂ ಒಗಟು. ಸಾಗುವಳಿಯಾಗದ ಸರ್ಕಾರಿ ಜಾಗಕ್ಕೆ ಇಲ್ಲಿ ಪೈಸಾರಿ ಎನ್ನುತ್ತಾರೆ. ಊರಿನವರೆಲ್ಲ ಸೌದೆ, ಸೊಪ್ಪು, ದನ ಮೇಯಿಸಲು ಬಳಸುವ ಜಾಗ ಊರುಡುವೆ. ಸುಗ್ಗಿ ಹಬ್ಬವಾದ ಹುತ್ತರಿಯಲ್ಲಿ ಕೋಲಾಟ ಆಡುವ, ಊರು ಸೇರುವ ಬಯಲು ಮಂದ್. ಇವುಗಳ ಜೊತೆ ಗೋಮಾಳ, ಸ್ಮಶಾನ, ಕೆರೆ, ಮತ್ತು ದೇವರಕಾಡು. ಬಾಣೆ ಈ ಪಟ್ಟಿಗೆ ಸೇರುವುದಿಲ್ಲ. ಗದ್ದೆಯ ಜೊತೆಗೆ ಗೊಬ್ಬರದ ಸೊಪ್ಪಿಗೂ ಸೌದೆಗೂ ಮೇವಿಗೂ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಾಗ ಅದು, ವಂಶಪಾರಂಪರ್ಯವಾಗಿ ಬರುವ ಜಮ್ಮಾ ಹಿಡುವಳಿಯ ಭಾಗ. ಅರಸರ ಕಾಲದಿಂದ ಬಂದ ಈ ಪದ್ಧತಿಯನ್ನು 1834ರಲ್ಲಿ ಕೊಡಗನ್ನು ಹಿಡಿದ ಬ್ರಿಟಿಷರು ಮುಂದುವರಿಸಿದರು, 1899ರ ಕೊಡಗು ಭೂಕಂದಾಯ ಕಾನೂನಿನಲ್ಲಿ ಬರೆದಿಟ್ಟರು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1964ರ ಭೂಕಂದಾಯ ಕಾಯ್ದೆಯೂ ಬಾಣೆ, ಕಾನೆ, ಜಮ್ಮಾ ಎಂಬ ಪದಗಳನ್ನು ಹಾಗೆಯೇ ಒಳಗೆ ತೆಗೆದುಕೊಂಡಿತು. ಬಾಣೆ ಸಾರ್ವಜನಿಕವಲ್ಲ, ಸರಿ. ಆದರೆ ಪೈಸಾರಿಯ ಪಕ್ಕದಲ್ಲಿ ಬಾಣೆಯಿದ್ದರೆ ಬೇಲಿ ಎಲ್ಲಿ ಮುಗಿಯಿತು ಎಂದು ಹೇಳುವುದು ದೇವರಿಗೂ ಕಷ್ಟ. ಒತ್ತುವರಿಗೆ ಅತ್ಯಂತ ಅನುಕೂಲವಾದ ಗಡಿ ಇದೇ.

ದೇವರಕಾಡಿನ ಲೆಕ್ಕ ಎಲ್ಲರೂ ಹೇಳುತ್ತಾರೆ, ಆದರೆ ಅದರ ಒಳಗಿನ ಕಥೆಯನ್ನು ಹೇಳುವವರು ಕಡಿಮೆ. ಜಿಲ್ಲೆಯಲ್ಲಿ ದಾಖಲಾದ ದೇವರಕಾಡುಗಳು 1,214. ಬೆರಳೆಣಿಕೆಯ ದೊಡ್ಡ ಕಾಡುಗಳನ್ನು ಬಿಟ್ಟರೆ ಬಹಳಷ್ಟು ಕೆಲವೇ ಎಕರೆಯ ತುಂಡುಗಳು. 1905ರಲ್ಲಿ ಇವುಗಳ ಒಟ್ಟು ವಿಸ್ತೀರ್ಣ 15,000 ಎಕರೆ ಮೀರಿತ್ತು. 1985ರ ಹೊತ್ತಿಗೆ ಅದು 6,000 ಎಕರೆಯ ಆಸುಪಾಸಿಗೆ ಇಳಿದಿತ್ತು. ಈ ಎರಡು ಇಸವಿಗಳು ಸುಮ್ಮನೆ ಬಂದವಲ್ಲ. 1905ರಲ್ಲಿ ದೇವರಕಾಡುಗಳ ಉಸ್ತುವಾರಿ ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋಯಿತು. 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಬಂತು. ನಡುವಿನ ಎಂಬತ್ತು ವರ್ಷ ಕಾಡು ಇದ್ದದ್ದು ಮರ ಗೊತ್ತಿಲ್ಲದ ಇಲಾಖೆಯ ಕೈಯಲ್ಲಿ. ಹಿಂದಕ್ಕೆ ಬಂದ ಮೇಲೂ ಗೊಂದಲ ಮುಗಿಯಲಿಲ್ಲ. ಪಹಣಿ ತೆಗೆಯುವುದು ತಾಲ್ಲೂಕು ಕಚೇರಿಯಲ್ಲಿ, ಮರ ಬಿದ್ದರೆ ದೂರು ಕೊಡುವುದು ರೇಂಜ್ ಆಫೀಸಿನಲ್ಲಿ, ಅಳತೆಗೆ ಹೋಗುವುದು ಭೂಮಾಪನ ಕಚೇರಿಗೆ. ಒತ್ತುವರಿಯ ಬಗ್ಗೆ ಬರೆದುಕೊಟ್ಟರೆ ಕಂದಾಯದವರು "ಅದು ಅರಣ್ಯದವರದ್ದು" ಎನ್ನುತ್ತಾರೆ, ಅರಣ್ಯದವರು "ಮೊದಲು ಸರ್ವೆ ಆಗಲಿ" ಎನ್ನುತ್ತಾರೆ, ಸರ್ವೆಯವರು "ಎರಡೂ ಇಲಾಖೆಯವರು ಸ್ಥಳದಲ್ಲಿರಬೇಕು" ಎನ್ನುತ್ತಾರೆ. ಮೂವರ ಮಾತೂ ಕಾನೂನಿನ ಪ್ರಕಾರ ಸರಿಯೇ. ಅಷ್ಟರಲ್ಲಿ ಒಂದು ಮಳೆಗಾಲ ಕಳೆಯುತ್ತದೆ, ಬೇಲಿ ಇನ್ನೆರಡು ಹೆಜ್ಜೆ ಇಡುತ್ತದೆ.

ಬೇಲಿ ನಡೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಕಾಡಿನ ಅಂಚಿನ ಕೆಳಗಿಡಗಳನ್ನು ಸವರುತ್ತಾರೆ. ಕೇಳಿದರೆ ಆನೆ ಬಂದರೆ ಕಾಣಲಿ ಎಂಬ ಕಾರಣ ಸಿದ್ಧ, ಅದು ಪೂರ್ತಿ ಸುಳ್ಳೂ ಅಲ್ಲ. ದೊಡ್ಡ ಮರ ಮುಟ್ಟುವುದಿಲ್ಲ, ಹಾಗಾಗಿ ದೂರದಿಂದ ಕಾಡು ಕಾಡಿನ ಹಾಗೆಯೇ ಕಾಣುತ್ತದೆ. ಮೊದಲು ಏಲಕ್ಕಿ, ಆಮೇಲೆ ಕಾಫಿ. ನೆರಳು ಹೇಗೂ ಇದೆ. ಕಾಫಿ ಗಿಡ ಫಸಲು ಕೊಡುವ ಹೊತ್ತಿಗೆ ನಡುನಡುವೆ ಸಿಲ್ವರ್ ಓಕ್ ಏಳುತ್ತದೆ, ಹಳೆಯ ಕಾಡುಮರ ಒಂದೊಂದೇ "ತಾನಾಗಿ" ಒಣಗುತ್ತದೆ. ಬುಡದ ತೊಗಟೆ ಸುತ್ತ ಕೆತ್ತಿದ್ದನ್ನು ನೋಡಿದವರು ನೋಡದ ಹಾಗೆ ಇರುತ್ತಾರೆ. ಉಪಗ್ರಹ ಚಿತ್ರದಲ್ಲಿ ಇದು ಹಸಿರೇ. ಇತರ ಜಿಲ್ಲೆಗಳಲ್ಲಿ ಒತ್ತುವರಿ ಬೋಳಾಗಿ ಕಾಣುತ್ತದೆ, ನಮ್ಮಲ್ಲಿ ನೆರಳಿನ ಕೆಳಗೆ ಅಡಗಿರುತ್ತದೆ. ಅದಕ್ಕೇ ಕೊಡಗಿಗೆ ಕಣ್ಣಳತೆಯೂ ಸಾಲದು, ಆಕಾಶದಿಂದ ತೆಗೆದ ಚಿತ್ರವೂ ಸಾಲದು. ಕಾಲಲ್ಲಿ ನಡೆದೇ ನೋಡಬೇಕು. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲಂತೂ ಒಂದೊಂದು ಸೆಂಟಿಗೂ (ಎಕರೆಯ ನೂರನೇ ಒಂದು ಪಾಲು) ಬೆಲೆ ಬಂದಿದೆ.

ಗೋಮಾಳ ಹೋಗುವ ದಾರಿ ಬೇರೆ, ಅದು ಇನ್ನೂ ನಯ. ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಕೇಳಲು ರಕ್ಷಣೆಯ ಮಾತು. ಆದರೆ ಊರಿನಲ್ಲಿ ದನ ಕಡಿಮೆಯಾದರೆ? ಗದ್ದೆ ಉಳುಮೆ ನಿಂತಿತು, ಎತ್ತು ಹೋದವು, ಹಾಲು ಪ್ಯಾಕೆಟಿನಲ್ಲಿ ಬರುತ್ತದೆ. ಲೆಕ್ಕದ ಪ್ರಕಾರ ಗೋಮಾಳ "ಹೆಚ್ಚುವರಿ" ಆಗುತ್ತದೆ, ಹೆಚ್ಚುವರಿಯಾದದ್ದನ್ನು ಮಂಜೂರು ಮಾಡಬಹುದು. ದನ ಇಲ್ಲದ ಗೋಮಾಳದಲ್ಲೇ ನಮ್ಮ ಪಂಚಾಯಿತಿಯ ಎರಡು ಕಾಲೊನಿಗಳಿಗೆ ನೀರು ಕೊಡುವ ಒರತೆ ಇದೆ ಎಂಬುದನ್ನು ಆ ನಿಯಮ ಕೇಳುವುದೇ ಇಲ್ಲ.

ಹಾಗಾದರೆ ಊರಿನವರ ಕೈಯಲ್ಲಿ ಏನಿದೆ? ಕಾಗದದ ಮೇಲೆ ಬೇಕಾದಷ್ಟಿದೆ. ಪಂಜಾಬಿನ ಒಂದು ಹಳ್ಳಿಯ ಕೆರೆ ಒತ್ತುವರಿ ಪ್ರಕರಣದಲ್ಲಿ, ಜಗಪಾಲ್ ಸಿಂಗ್ ಪ್ರಕರಣ ಎಂದೇ ಹೆಸರಾದದ್ದು, ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಎಲ್ಲ ರಾಜ್ಯಗಳಿಗೂ ಊರೊಟ್ಟಿನ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡಿ ಎಂದಿತು. ದೀರ್ಘಕಾಲದ ಸ್ವಾಧೀನವನ್ನಾಗಲಿ, ಕಟ್ಟಡಕ್ಕೆ ಸುರಿದ ದುಡ್ಡನ್ನಾಗಲಿ ಸಕ್ರಮಕ್ಕೆ ನೆಪ ಮಾಡಬೇಡಿ ಎಂದೂ ಹೇಳಿತು. ಅದೇ ತೀರ್ಪು ಭೂರಹಿತ ಕೂಲಿಗಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರಿ ಆದೇಶದ ಮೂಲಕ ಕೊಟ್ಟ ಜಾಗವನ್ನು ಬೇರೆಯಾಗಿ ನೋಡಿತು. ಆ ಭಾಗವನ್ನು ಭಾಷಣಗಳಲ್ಲಿ ಯಾರೂ ಓದುವುದಿಲ್ಲ. 2024ರ ಡಿಸೆಂಬರ್ 18ರಂದು, ಓರಣ್ ಎಂದು ಕರೆಯುವ ರಾಜಸ್ಥಾನದ ದೇವರಕಾಡುಗಳ ಪ್ರಕರಣದಲ್ಲಿ, ದೇಶದ ಎಲ್ಲ ದೇವರಕಾಡುಗಳ ಸಮೀಕ್ಷೆಗೂ ರಕ್ಷಣೆಗೂ ಒಂದು ಸಮಗ್ರ ನೀತಿ ರೂಪಿಸುವಂತೆ ಅದೇ ನ್ಯಾಯಾಲಯ ಕೇಂದ್ರಕ್ಕೆ ಸೂಚಿಸಿತು. 2025ರ ಮೇ 15ರ ಇನ್ನೊಂದು ತೀರ್ಪು, ಕಂದಾಯ ಇಲಾಖೆಯ ಕೈಯಲ್ಲಿರುವ ಮೀಸಲು ಅರಣ್ಯವನ್ನು ಖಾಸಗಿಯವರಿಗೆ ಕೊಟ್ಟದ್ದು ಎಲ್ಲೆಲ್ಲಿ ಎಂದು ಹುಡುಕಲು ವಿಶೇಷ ತನಿಖಾ ತಂಡ ರಚಿಸಿ ಎಂದಿತು. ರಾಜ್ಯದಲ್ಲಿ 2011ರ ಭೂಕಬಳಿಕೆ ನಿಷೇಧ ಕಾಯ್ದೆ ಇದೆ, ಅದಕ್ಕೊಂದು ವಿಶೇಷ ನ್ಯಾಯಾಲಯವಿದೆ, ಬೆಂಗಳೂರಿನಲ್ಲಿ. ಭಾಗಮಂಡಲದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಸಾಕ್ಷಿ ಹೇಳಿ ಬರುವವರ ಕೂಲಿ ಯಾರು ಕೊಡುತ್ತಾರೆ ಎಂಬುದು ಬೇರೆ ಮಾತು.

ಇವೆಲ್ಲಕ್ಕಿಂತ ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಸಣ್ಣ ಸಾಮಾನುಗಳು. ಫೋನಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್. ಗ್ರಾಮ ಆಡಳಿತ ಅಧಿಕಾರಿ ಸರ್ಕಾರಿ ಜಾಗಕ್ಕೆ ಖುದ್ದು ಹೋಗಿ ಸ್ಥಿತಿ ದಾಖಲಿಸಬೇಕಾದ ಲ್ಯಾಂಡ್ ಬೀಟ್ ವ್ಯವಸ್ಥೆ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಹಾಕಿದ ಅರ್ಜಿ. ಆ್ಯಪಿನ ಗೆರೆಯನ್ನು ನಂಬಿ ಜಗಳಕ್ಕೆ ಹೋಗಬಾರದು, ದಟ್ಟ ಮರದ ಕೆಳಗೆ ಅದು ಹತ್ತಿಪ್ಪತ್ತು ಅಡಿ ಆಚೀಚೆ ಕುಣಿಯುತ್ತದೆ. ಆದರೆ ಯಾವ ನಂಬರಿಗೆ ಅರ್ಜಿ ಹಾಕಬೇಕೆಂದು ಗೊತ್ತಾಗುವುದೇ ಅರ್ಧ ಯುದ್ಧ. ಮೊದಲೆಲ್ಲ "ನಮ್ಮೂರಿನ ದೇವರಕಾಡು" ಎಂದು ಬರೆದ ಅರ್ಜಿ, "ಸರ್ವೆ ನಂಬರ್ ನಮೂದಿಸಿಲ್ಲ" ಎಂಬ ಷರಾದೊಂದಿಗೆ ಮರಳಿ ಬರುತ್ತಿತ್ತು.

ಇನ್ನು ಗ್ರಾಮಸಭೆ. ಸಾರ್ವಜನಿಕ ಭೂಮಿಯ ಬಗ್ಗೆ ಗ್ರಾಮಸಭೆಯ ನಿರ್ಣಯಕ್ಕೆ ತೂಕವಿದೆ ಎಂದು ಎಲ್ಲ ತರಬೇತಿಗಳಲ್ಲೂ ಹೇಳುತ್ತಾರೆ. ನಿಜ, ಆದರೆ ಯಾವ ನಿರ್ಣಯಕ್ಕೆ? ನಾನು ನೋಡಿದ ಒಂದು ನಡಾವಳಿ ಪುಸ್ತಕದಲ್ಲಿ ನಾಲ್ಕು ವರ್ಷ ಒಂದೇ ಸಾಲು: "ಒತ್ತುವರಿ ವಿಷಯ ಚರ್ಚಿಸಿ, ಸಂಬಂಧಪಟ್ಟ ಇಲಾಖೆಗೆ ಬರೆಯಲು ತೀರ್ಮಾನಿಸಲಾಯಿತು." ಸಂಬಂಧಪಟ್ಟ ಇಲಾಖೆ ಯಾವುದೆಂದು ಪುಸ್ತಕಕ್ಕೂ ಗೊತ್ತಿಲ್ಲ. ಐದನೇ ವರ್ಷ ಒಬ್ಬ ನಿವೃತ್ತ ಗುಮಾಸ್ತರು ಎದ್ದು ನಿಂತು, "ಸ್ವಾಮಿ, ಇದನ್ನ ನಾನು ಹೇಳ್ತೇನೆ, ನೀವು ಬರೀರಿ" ಎಂದರು. ಸರ್ವೆ ನಂಬರ್, ಪಹಣಿಯಲ್ಲಿರುವ ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಊರಿನವರು ಅದನ್ನು ಏನೇನಕ್ಕೆ ಬಳಸುತ್ತಾರೆ, ಯಾವ ಅಧಿಕಾರಿ ಎಷ್ಟು ದಿನದೊಳಗೆ ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಮಾಡಿಕೊಡಬೇಕು, ಮಾಡದಿದ್ದರೆ ಮುಂದಿನ ಅರ್ಜಿ ಯಾರಿಗೆ. ಹೀಗೆ ಒಂದೂವರೆ ಪುಟ. ಹಾಜರಿದ್ದವರ ಸಹಿ, ಹೆಬ್ಬೆಟ್ಟು. ಆ ಒಂದೂವರೆ ಪುಟ ತಹಶೀಲ್ದಾರರ ಮೇಜಿಗೆ ಹೋದ ಎರಡು ತಿಂಗಳಿಗೆ ಸರ್ವೆಯರ್ ಬಂದರು. ನಾಲ್ಕು ವರ್ಷ ಬಾರದವರು.

ಅದರಲ್ಲೂ "ಏನೇನಕ್ಕೆ ಬಳಸುತ್ತಾರೆ" ಎಂಬ ಸಾಲು ಮುಖ್ಯ ಎಂದು ನನ್ನ ಅನುಭವ. ಬಳಕೆ ನಿಂತ ಜಾಗಕ್ಕೆ ಸಾಕ್ಷಿಗಳೂ ಇರುವುದಿಲ್ಲ. ಹುತ್ತರಿಗೆ ಕೋಲಾಟ ಆಡುವ ಮಂದ್‌ನಲ್ಲಿ ಯಾರಾದರೂ ಒಂದು ಗೂಟ ಹೊಡೆದರೂ ವರ್ಷದೊಳಗೆ ಇಡೀ ಊರಿಗೆ ಗೊತ್ತಾಗುತ್ತದೆ. ಆಟ ನಿಂತುಹೋದ ಮಂದ್‌ಗಳು ಎಲ್ಲಿದ್ದವು ಎಂಬುದನ್ನೇ ಈಗ ಕೇಳಿ ತಿಳಿಯಬೇಕು. ದೇವರಕಾಡಿಗೂ ಹಾಗೆಯೇ. ಅಯ್ಯಪ್ಪನ ಕಾಡಿನಲ್ಲಿ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುವ ಪದ್ಧತಿ ಇನ್ನೂ ನಡೆಯುವಲ್ಲಿ ಕಾಡಿನ ಒಳದಾರಿ ತೆರೆದಿರುತ್ತದೆ, ವರ್ಷಕ್ಕೊಮ್ಮೆಯಾದರೂ ನೂರು ಜೊತೆ ಕಣ್ಣು ಗಡಿ ನೋಡುತ್ತವೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ದೇವರಕಾಡುಗಳ ಮೇಲೆ ಮಾಡಿದ ಕೆಲಸದಲ್ಲಿ ಮರಗಳ ಲೆಕ್ಕದ ಜೊತೆ ಊರಿನ ಸಮಿತಿಗಳನ್ನೂ ಸೇರಿಸಿಕೊಂಡದ್ದು ಇದಕ್ಕೇ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ದೇವರನ್ನು ಉಳಿಸುವ ಭರದಲ್ಲಿ ಕಾಡನ್ನು ಕಡಿಯುವ ಚಾಳಿ ಹೆಚ್ಚುತ್ತಿದೆ. ಮರದ ಬುಡದ ಕಲ್ಲಿಗೆ ಕೈಮುಗಿಯುತ್ತಿದ್ದಲ್ಲಿ ಈಗ ಕಾಂಕ್ರೀಟಿನ ಗುಡಿ, ಗುಡಿಗೊಂದು ರಸ್ತೆ, ರಸ್ತೆಗೆ ಪಾರ್ಕಿಂಗ್, ಊಟದ ಹಾಲ್. ಇದನ್ನು ಒತ್ತುವರಿ ಎಂದರೆ ಊರಿನಲ್ಲಿ ಇರಲು ಬಿಡುವುದಿಲ್ಲ. ಆದರೂ ಅಳತೆ ಟೇಪಿಗೆ ಭಕ್ತಿ ತಿಳಿಯದಲ್ಲ.

ಈಗ ಆ ಕಷ್ಟದ ಪ್ರಶ್ನೆಗೆ ಬರುತ್ತೇನೆ.

2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ಅವರಲ್ಲಿ ಬಹಳ ಮಂದಿ ತೋಟಗಳ ಲೈನ್‌ಮನೆಗಳಿಂದ, ಅಂದರೆ ಕೂಲಿಗಳ ಸಾಲುಮನೆಗಳಿಂದ ಹೊರಬಂದವರು, ಕಾಡಿನಿಂದ ಹಿಂದೆಂದೋ ಹೊರಬಿದ್ದವರ ಮಕ್ಕಳು. ಇಲಾಖೆಯ ಪ್ರಕಾರ ಅದು ಅರಣ್ಯ. ಹೋರಾಟಗಾರರ ಪ್ರಕಾರ ಅದು ಪೈಸಾರಿ, ಕಂದಾಯ ಭೂಮಿ. ಅದೇ ಹಳೆಯ ಎರಡು ಇಲಾಖೆಗಳ ಗೋಜಲು, ಆದರೆ ಈ ಸಲ "ಮೊದಲು ಸರ್ವೆ ಆಗಲಿ" ಎಂದು ಯಾರೂ ಕಾಯಲಿಲ್ಲ. ತಿಂಗಳುಗಟ್ಟಲೆ ಚಳಿಯಲ್ಲಿ ಕೂತ ಮೇಲೆ, ರಾಜ್ಯದ ನಾನಾ ಕಡೆಯಿಂದ ಜನ ಬಂದ ಮೇಲೆ, ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಪುನರ್ವಸತಿ ಆಯಿತು.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಬಗರ್‌ಹುಕುಂ, ಅಂದರೆ ಸರ್ಕಾರಿ ಜಾಗದಲ್ಲಿ ಅನುಮತಿಯಿಲ್ಲದೆ ಮಾಡಿದ ಸಾಗುವಳಿಯ ಸಕ್ರಮಕ್ಕೆ ಅರ್ಜಿ ಹಾಕುವ ಸಣ್ಣ ರೈತನಿಗೆ ಒಟ್ಟು ಹಿಡುವಳಿಯ ಮಿತಿ 4 ಎಕರೆ 38 ಗುಂಟೆ. ಆದರೆ ಕಾಫಿ, ಏಲಕ್ಕಿ, ಮೆಣಸು, ರಬ್ಬರ್ ಮುಂತಾದ ತೋಟದ ಬೆಳೆಗಾಗಿ 2005ಕ್ಕೆ ಮೊದಲೇ ಸರ್ಕಾರಿ ಜಾಗ ಒತ್ತುವರಿ ಮಾಡಿಕೊಂಡವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಭೂಕಂದಾಯ ಕಾಯ್ದೆಗೆ ಇತ್ತೀಚಿನ ವರ್ಷಗಳಲ್ಲಿ ತಿದ್ದುಪಡಿ ತರಲಾಗಿದೆ. ಬೆಳೆಗಾರರ ವಾದ ನನಗೆ ಗೊತ್ತಿದೆ, ನಾನೂ ಆರು ಎಕರೆಯ ಬೆಳೆಗಾರನೇ: ತೋಟ ಒಮ್ಮೆ ಎದ್ದ ಮೇಲೆ ಅದನ್ನು ಕಿತ್ತರೆ ಗುಡ್ಡದ ಬರೆ (ಇಳಿಜಾರಿನ ಬದಿ) ಕುಸಿಯುತ್ತದೆ, ಸರ್ಕಾರಕ್ಕಾದರೂ ಬಾಡಿಗೆ ಬರಲಿ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ದಲಿತ ಮತ್ತು ಆದಿವಾಸಿ ಸಂಘಟನೆಗಳು ಕೇಳಿದ ಪ್ರಶ್ನೆಗೆ ಈ ವಾದದಲ್ಲಿ ಉತ್ತರವಿಲ್ಲ. ಮನೆ ಕಟ್ಟಲು ಐದು ಸೆಂಟು ಕೇಳಿದವನಿಗೆ ಜಾಗವಿಲ್ಲ ಎನ್ನುವ ತಾಲ್ಲೂಕಿನಲ್ಲಿ ಇಪ್ಪತ್ತೈದು ಎಕರೆ ಪೈಸಾರಿ ಯಾರ ಬೇಲಿಯೊಳಗಿತ್ತು? ಒಬ್ಬನ ಗುಡಿಸಲು ಒತ್ತುವರಿ, ಇನ್ನೊಬ್ಬನ ತೋಟ ಆರ್ಥಿಕತೆ!

ಭೂಮಿ ಉಳಿಸುವ ಚಳವಳಿ ಈ ಪ್ರಶ್ನೆಯಿಂದ ಜಾರಿಕೊಂಡರೆ ಏನಾಗುತ್ತದೆಂದು ಒಂದೆರಡು ಊರುಗಳಲ್ಲಿ ನೋಡಿದ್ದೇನೆ. ಸಮಿತಿಯಲ್ಲಿ ಬರೀ ಜಮೀನುದಾರರು. ಅವರು ಮೊದಲು ಗುರುತಿಸುವ ಒತ್ತುವರಿ ಕಾಲೊನಿಯ ಕೊನೆಯ ಎರಡು ಮನೆ. ತೆರವಿನ ನೋಟಿಸು ಅವರಿಗೆ ಮೊದಲು ಬರುತ್ತದೆ, ಏಕೆಂದರೆ ಅವರ ಬಳಿ ವಕೀಲರಿಲ್ಲ. ಆಮೇಲೆ ದೊಡ್ಡ ಬೇಲಿಯ ವಿಷಯ ಬಂದಾಗ ಸಾಕ್ಷಿ ಹೇಳಲು ಕಾಲೊನಿಯಿಂದ ಒಬ್ಬರೂ ಬರುವುದಿಲ್ಲ. ಏಕೆ ಬರಬೇಕು? ಕಲ್ಲು ಎಲ್ಲಿದೆ ಎಂದು ಗೊತ್ತಿರುವುದು ಕತ್ತಿ ಮಸೆಯುವವನಿಗೆ. ದೇವರಕಾಡು ಜಮ್ಮಾ ಮನೆತನಗಳದ್ದು ಮಾತ್ರ ಎಂಬ ಭಾವನೆಯೂ ಇದಕ್ಕೆ ತುಪ್ಪ ಸುರಿಯುತ್ತದೆ. ದೇವರಪುರದ ಕುಂಡೆ ಹಬ್ಬಕ್ಕೆ ಒಮ್ಮೆ ಹೋಗಿ ನೋಡಬೇಕು. ವೇಷ ಹಾಕಿ ಬಂದು, ತಮ್ಮನ್ನು ಕಾಡಿಗೆ ಕರೆದುಕೊಂಡು ಹೋಗಿ ನಡುವೆ ಕೈಬಿಟ್ಟ ಅಯ್ಯಪ್ಪನನ್ನು ಬಾಯಿಗೆ ಬಂದಂತೆ ಬೈಯುವವರು ಜೇನುಕುರುಬರು, ಎರವರು. ಬೈಯುವಷ್ಟು ಸಲಿಗೆ ಯಾರಿಗಿದೆಯೋ ಆ ಕಾಡು ಅವರದ್ದೂ ಹೌದು.

2006ರ ಅರಣ್ಯ ಹಕ್ಕು ಕಾಯ್ದೆಯನ್ನು ಇಲ್ಲಿ ವೈಯಕ್ತಿಕ ಪಟ್ಟಾದ ಕಾಯ್ದೆಯಾಗಿ ಮಾತ್ರ ನೋಡಿದ್ದೇವೆ. ಊರೊಟ್ಟಿನ ಕಾಡನ್ನು ಕಾಯುವ, ನಿರ್ವಹಿಸುವ ಸಮುದಾಯದ ಹಕ್ಕಿಗೂ ಅದರಲ್ಲಿ ಅವಕಾಶವಿದೆ, ಗ್ರಾಮಸಭೆಯೇ ಅರ್ಜಿಯ ಮೂಲ. ಇಲಾಖೆಗೆ ಇದು ಇಷ್ಟವಿಲ್ಲ, ಬೆಳೆಗಾರರಿಗೆ ಭಯ, ಆದಿವಾಸಿ ಹಾಡಿಗಳಿಗೆ ಮೊದಲು ಮನೆಯಡಿ ಜಾಗದ ಚಿಂತೆ. ಹಾಗಾಗಿ ಆ ಕಲಂ ಧೂಳು ತಿನ್ನುತ್ತಿದೆ.

ಸೋಮವಾರಪೇಟೆ ಕಡೆಯ ಸಿ ಮತ್ತು ಡಿ ಜಮೀನಿನ ಗಲಾಟೆಯನ್ನೂ ಈ ಹಿನ್ನೆಲೆಯಲ್ಲೇ ಓದಬೇಕು. ಕೃಷಿಗೆ ಯೋಗ್ಯವಲ್ಲ ಎಂದು ಹಿಂದೆ ವರ್ಗೀಕರಿಸಿ, ಗಿಡ ನೆಡಲು ಅರಣ್ಯ ಇಲಾಖೆಗೆ ಕಾಗದದ ಮೇಲೆ ಒಪ್ಪಿಸಿದ ಕಂದಾಯ ಭೂಮಿ ಅದು. ಅದರಲ್ಲಿ ಎಷ್ಟೋ ಕಡೆ ಆಗಲೇ ಸಾಗುವಳಿ ಇತ್ತು, ಮನೆಗಳಿದ್ದವು. ಸ್ಥಳಕ್ಕೆ ಬಾರದೆ ಕಚೇರಿಯಲ್ಲಿ ಕೂತು ಗೆರೆ ಎಳೆದ ಪಾಪಕ್ಕೆ ಈಗ ರೈತರೂ ಅರಣ್ಯ ಸಿಬ್ಬಂದಿಯೂ ಎದುರುಬದುರು ನಿಂತಿದ್ದಾರೆ. ಪರಿಭಾವಿತ ಅರಣ್ಯದ (ಅಧಿಸೂಚನೆಯಾಗದಿದ್ದರೂ ಕಾಡೆಂದು ಪರಿಗಣಿಸಿದ ಜಾಗ, ಡೀಮ್ಡ್ ಫಾರೆಸ್ಟ್) ಕಥೆಯೂ ಹೆಚ್ಚು ಕಡಿಮೆ ಇದೇ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ಆದೇಶದ ನಂತರ ರಾಜ್ಯದ ಸಮಿತಿ ಸುಮಾರು 9.94 ಲಕ್ಷ ಹೆಕ್ಟೇರ್ ಪಟ್ಟಿ ಮಾಡಿತು, 2022ರಲ್ಲಿ ಅದನ್ನು ಸುಮಾರು 3.3 ಲಕ್ಷಕ್ಕೆ ಇಳಿಸಲಾಯಿತು. ಮೊದಲ ಪಟ್ಟಿಯಲ್ಲಿ ಶಾಲೆ ಮೈದಾನವೂ ಸೇರಿತ್ತು ಎಂಬ ದೂರು ಇತ್ತು, ಎರಡನೆಯದರಲ್ಲಿ ನಿಜವಾದ ಕಾಡೂ ಬಿಟ್ಟುಹೋಯಿತೆಂಬ ದೂರು. ಎರಡು ಸಲವೂ ಊರನ್ನು ಯಾರೂ ಕೇಳಲಿಲ್ಲ.

ದೊಡ್ಡ ರಾಜಕೀಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸಿದ ಕಸ್ತೂರಿರಂಗನ್ ವರದಿಯ ಆಧಾರದ ಕರಡು ಅಧಿಸೂಚನೆ 2014ರಿಂದ ಬರುತ್ತಲೇ ಇದೆ. ಆರನೆಯದು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ ಬಂತು. ರಾಜ್ಯ ಅದನ್ನೂ ಒಪ್ಪಲಿಲ್ಲ. ಕೊಡಗಿನ ಹಳ್ಳಿಗಳೂ ಅದರ ಪಟ್ಟಿಯಲ್ಲಿವೆ. ವಿರೋಧದ ಸಭೆಗೆ ಜೀಪುಗಟ್ಟಲೆ ಜನ ಬರುತ್ತಾರೆ, ಅದೇ ಜೀಪುಗಳು ಕಾವೇರಿ ಉಳಿಸಿ ಜಾಥಾಕ್ಕೂ ಬರುತ್ತವೆ, ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. 2018ರಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ: ಕುಸಿತ ಕಂಡ ಊರಿನವರಿಗೆ ಬೆಟ್ಟದ ಮೇಲಿನ ಮರ ಏನು ಮಾಡುತ್ತದೆಂದು ಯಾವ ವರದಿಯೂ ಕಲಿಸಬೇಕಾಗಿಲ್ಲ. ಆದರೆ ದಿಲ್ಲಿಯಲ್ಲಿ ಎಳೆದ ಗೆರೆಗೆ ಹೆದರುವವರೇ ತಮ್ಮ ಊರಿನ ಹದ್ದುಬಸ್ತಿಗೆ ಬಂದು ನಿಲ್ಲುವುದನ್ನೂ ನಾನು ನೋಡಿದ್ದೇನೆ. ತಾವೇ ನಡೆದು ನೋಡಿದ ಗಡಿಯ ಮೇಲೆ ಅವರಿಗೆ ಅಷ್ಟು ಅನುಮಾನ ಇರುವುದಿಲ್ಲ.

ನಮ್ಮ ಕಲ್ಲಿನ ಕಥೆಗೆ ಮರಳುತ್ತೇನೆ. ಸರ್ವೆಯರ್ ಬಂದು ಅಳೆದ ದಿನ ಮೂಡಣ ಗಡಿಯ ದೊಡ್ಡ ಬೇಲಿ ಒಂದೆಡೆ ಇರಲಿ, ಪಡುವಣ ಗಡಿಯಲ್ಲಿ ನಾವು ಎಣಿಸದೇ ಇದ್ದದ್ದು ಕಂಡಿತು. ಸಮಿತಿಯ ಖಜಾಂಚಿಯ ಸ್ವಂತ ತೋಟ ಹನ್ನೊಂದು ಸೆಂಟು ದೇವರಕಾಡಿನೊಳಗಿತ್ತು. ಅವರ ಅಪ್ಪನ ಕಾಲದ ಬೇಲಿ, ಅವರಿಗೂ ಗೊತ್ತಿರಲಿಲ್ಲ ಎಂದೇ ನಂಬುತ್ತೇನೆ. ಅವರೇ ಆರು ತಿಂಗಳಿಂದ ಅರ್ಜಿ ಹಿಡಿದು ಮಡಿಕೇರಿಗೆ ಓಡಾಡಿದವರು. ಸರ್ವೆಯರ್ ಟೇಪು ಸುತ್ತುತ್ತಾ ನಮ್ಮ ಮುಖ ನೋಡಿದರು, ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಬಿಡಿ ಸಾರ್, ಹನ್ನೊಂದು ಸೆಂಟು ತಾನೇ, ಕೊಲ್ಲಿ ಸರಿದಿರಬಹುದು" ಎಂದು ಹಿಂದಿನಿಂದ ಯಾರೋ ಅಂದರು.

ಖಜಾಂಚಿ ಮಾತಾಡಲಿಲ್ಲ. ಸಂಜೆ ಸಭೆಯಲ್ಲಿ ನಡಾವಳಿ ಪುಸ್ತಕ ತಾವೇ ಎಳೆದುಕೊಂಡು, ದೊಡ್ಡ ಬೇಲಿಯವರ ಹೆಸರಿನ ಕೆಳಗೆ ತಮ್ಮ ಹೆಸರೂ ಹನ್ನೊಂದು ಸೆಂಟೂ ಬರೆದು ಸಹಿ ಹಾಕಿದರು. ಆ ಪುಟದ ನಕಲು ತಹಶೀಲ್ದಾರರಿಗೂ ರೇಂಜ್ ಆಫೀಸಿಗೂ ಹೋಗಿದೆ. ದೊಡ್ಡ ಬೇಲಿಯವರು ತಕರಾರು ಅರ್ಜಿ ಹಾಕಿದ್ದಾರೆ, ಅದು ಉಪವಿಭಾಗಾಧಿಕಾರಿಯ ಮುಂದಿದೆ. ಆದರೆ ವಾಯಿದೆಗೆ ಹೋದಾಗ ನಮ್ಮ ಬಾಯಿ ಮುಚ್ಚಿಸಲು ಅವರ ವಕೀಲರಿಗೆ ಇದ್ದ ಸುಲಭದ ಮಾತೊಂದು ಕೈತಪ್ಪಿದೆ.

ಆ ಹನ್ನೊಂದು ಸೆಂಟಿನ ಮೆಣಸಿನ ಬಳ್ಳಿ ಇನ್ನೂ ಮರದ ಮೇಲೇ ಇದೆ. ಈ ಸಲದ ಫಸಲು ತೆಗೆದುಕೊಂಡು ಬೇಲಿ ಹಿಂದಕ್ಕೆ ಹಾಕುತ್ತೇನೆ, ಅಷ್ಟು ಸಮಯ ಕೊಡಿ ಎಂದು ಕೇಳಿದ್ದಾರೆ. ಕೊಟ್ಟಿದ್ದೇವೆ, ಅದನ್ನೂ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿದ್ದೇವೆ.